ಅಲುಗಾಡದೆ ಕೂತ ಒಂದು ತಾಸು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಂದು ಭಾನುವಾರ ಎಂಬುದು ಖಚಿತ, ಏಕೆಂದರೆ ನಾವು ಸೇರಿ ಧ್ಯಾನಕ್ಕೆ ಕೂರುತ್ತಿದ್ದುದು ಭಾನುವಾರ ಬೆಳಿಗ್ಗೆ ಮಾತ್ರ. ಆದರೆ ಕಿಟಕಿ ತೆರೆದಿತ್ತೋ ಇಲ್ಲವೋ, ಒಳಕೋಣೆಯ ಬಾಗಿಲು ಪೂರ್ತಿ ಹಾಕಿತ್ತೋ ಬರೀ ಸರಿಸಿತ್ತೋ, ಇವನ್ನೆಲ್ಲ ನಾನು ಬೇರೆ ಬೇರೆ ದಿನ ಬೇರೆ ಬೇರೆಯಾಗಿ ನೆನೆದಿದ್ದೇನೆ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವ ರೂಢಿ ನನಗೆ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: ಕಾಕಾ ಬಿದ್ದರು, ಸಂಜೆಯವರೆಗೆ ಆಸ್ಪತ್ರೆ. ಸಪ್ಪಳದ ಮಾತು ಅಲ್ಲಿಲ್ಲ. ಅದು ಮೊದಲು ಬರುವುದು ಹನ್ನೊಂದು ದಿನಗಳ ನಂತರದ ಪುಟದಲ್ಲಿ.

ಚಿಗವ್ವ ನನ್ನ ಅವ್ವನ ತಂಗಿ. ಮರಾಠಿ ನಾಡಿನಲ್ಲಿ, ಬಿಬವೇವಾಡಿ ಎಂಬ ಬಡಾವಣೆಯಲ್ಲಿ ಎರಡನೇ ಮಹಡಿಯ ಮನೆ. ಅವಳ ಗಂಡ, ನಾವು ಕಾಕಾ ಎನ್ನುವವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಅವಳು ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದಳು. ಕಾಕಾ ಅವಳನ್ನು ಕೊನೆಯವರೆಗೂ ಕರೆದದ್ದು ‘ಸಿಸ್ಟರ್’ ಎಂದೇ.

ನಮ್ಮದು ಅಜ್ಜನ ಕಾಲದಲ್ಲಿ ವಿಜಯಪುರದ ಕಡೆ ಬೌದ್ಧ ಧಮ್ಮ ತೆಗೆದುಕೊಂಡ ಮನೆತನ. ಗೋಡೆಯ ಮೇಲೆ ಬುದ್ಧನ ಪಟ, ಬಾಯಲ್ಲಿ ತ್ರಿಶರಣ, ಹುಣ್ಣಿಮೆಗೆ ಪಾಯಸ, ಇಷ್ಟು ನನಗೆ ಬುದ್ಧಿ ಬರುವ ಮೊದಲೇ ಇತ್ತು. ಧ್ಯಾನ ಮಾತ್ರ ಇರಲಿಲ್ಲ. ಕಣ್ಣು ಮುಚ್ಚಿ ಕೂರುವುದು ಹೊಟ್ಟೆ ತುಂಬಿದವರ ಕೆಲಸ, ನಾವು ಈಗಷ್ಟೇ ಕಣ್ಣು ತೆರೆದವರು ಎಂದು ಅಜ್ಜ ಹೇಳುತ್ತಿದ್ದನಂತೆ. ಹಾಗಾಗಿ ನಿವೃತ್ತಿಯಾದ ವರ್ಷವೇ ಚಿಗವ್ವ ಹತ್ತು ದಿನದ ಶಿಬಿರಕ್ಕೆ ಹೋಗಿ ಬಂದು, ಬೆಳಿಗ್ಗೆ ಒಂದು ತಾಸು ಸಂಜೆ ಒಂದು ತಾಸು ಕೂರತೊಡಗಿದಾಗ ಮನೆಮಂದಿಗೆ ಅದೊಂದು ಬೇನೆಯಂತೆ ಕಂಡಿತು. ಕಾಕಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು:

“ಸಿಸ್ಟರ್, ಇವತ್ತ ನಿರ್ವಾಣ ಎಷ್ಟ ಗಂಟೆಕ್ಕದ? ಚಹಾ ಅದಕ್ಕಿಂತ ಮದಲ ಸಿಗ್ತದೋ, ಆಮ್ಯಾಲೋ?”

“ನಿಮಗ ಚಹಾ ಸಿಗ್ತದ. ನೀವು ಹಿಂಗ ಮಾತಾಡಕೋತ ನಿಂತ್ರ ನನಗ ನಿರ್ವಾಣ ಸಿಗೂದಿಲ್ಲ.”

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಕಾಕಾಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಮಾತು ತೊದಲಾದರೂ ಚೇಷ್ಟೆ ಹೋಗಲಿಲ್ಲ. ಕರೆದರೆ ಕೇಳಿಸಲೆಂದು ಅವರು ತಮ್ಮ ಕಬ್ಬಿಣದ ಮಂಚದ ಎಡಗಡೆ ಹಳೇ ಸೈಕಲ್ಲಿನ ಗಂಟೆಯೊಂದನ್ನು ನನ್ನಿಂದ ಕಟ್ಟಿಸಿಕೊಂಡರು. ಸ್ಕ್ರೂ ಎಷ್ಟು ತಿರುಗಿಸಬೇಕೆಂದು ಹಾಸಿಗೆಯಿಂದಲೇ ಹೇಳಿ, ನನ್ನ ಕೈಯ ಬಗ್ಗೆ ಎರಡು ಕಟಕಿಯನ್ನೂ ಆಡಿದರು. ಆ ಗಂಟೆ ದಿನವಿಡೀ ಬಾರಿಸುತ್ತಿತ್ತು. ಫ್ಯಾನು, ಪೇಪರು, ಹೊರಳಿಸುವುದು, ಸುಮ್ಮನೆ. ಚಿಗವ್ವ ಪ್ರತಿ ಸಲ ಎದ್ದು ಹೋಗುತ್ತಿದ್ದಳು. ಬೆಳಗಿನ ಆ ಒಂದು ತಾಸಿನಲ್ಲೂ ಬಾರಿಸಿದಾಗ ಒಂದು ದಿನ ಹೋಗಿ ಮಂಚದ ಅಂಚಿಗೆ ಕೂತು ಹೇಳಿದ್ದನ್ನು ನಾನೇ ಕೇಳಿದೆ.

“ಮೂವತ್ತ ವರ್ಷ ಯಾರ ಗಂಟಿ ಬಾರಿಸಿದ್ರೂ ಓಡೇನಿ. ಹೊರಗಿನವರದು ಮುಗದ್ಮ್ಯಾಲೆ ಈಗ ನಿಮ್ಮದು. ಓಡತೀನಿ, ಇಲ್ಲ ಅನ್ನಂಗಿಲ್ಲ. ಆದ್ರ ಈ ಒಂದ ತಾಸು ನನಗ ಬಿಡ್ರಿ.”

ಕಾಕಾ “ಬಿಟ್ಟೆ” ಎಂದರು. ಅಂದಿನಿಂದ ಆ ಹೊತ್ತಿನಲ್ಲಿ ಗಂಟೆ ಬಾರಿಸಲಿಲ್ಲ.

ನಾನು ಚಿಗವ್ವನೊಂದಿಗೆ ಧ್ಯಾನಕ್ಕೆ ಕೂರಲು ಶುರು ಮಾಡಿದ್ದು ಆ ನಂತರ. ಭಾನುವಾರ ಸ್ವಾರಗೇಟದಲ್ಲಿ ಬಸ್ಸು ಬದಲಿಸಿ ಎಂಟಕ್ಕೆ ಮುಂಚೆ ತಲುಪುತ್ತಿದ್ದೆ. ಮೇಲಿನ ಮನೆಯ ಮರಾಠಿ ಹೆಂಗಸು, ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಅವರೂ ಬರುತ್ತಿದ್ದರು. ಹೀಗೆ ಮೂರು ಜನ. ಫೋನುಗಳನ್ನು ಆರಿಸಿ ಜೋಳದ ಹಿಟ್ಟಿನ ಡಬ್ಬಿಯ ಮೇಲಿಡಬೇಕು, ಹೊರಬಾಗಿಲಿನ ಬೆಲ್ ಬಂದ್ ಮಾಡಬೇಕು. ಆಮೇಲೆ ಅಧಿಷ್ಠಾನ: ಒಂದು ತಾಸು ಕಣ್ಣು ತೆರೆಯುವುದಿಲ್ಲ, ಕೈ ಬಿಡಿಸುವುದಿಲ್ಲ, ಕಾಲು ಸರಿಸುವುದಿಲ್ಲ ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿ ಕೂರುವುದು. ವಿಹಾರಕ್ಕೆ ಬರುತ್ತಿದ್ದ ಭಂತೇಜಿ, ನಮಗೆ ಧ್ಯಾನ ಕಲಿಸುತ್ತಿದ್ದ ಭಿಕ್ಷು, ಹೇಳಿಕೊಟ್ಟದ್ದು ಸರಳವಾಗಿತ್ತು. ಉಸಿರು ಬಂದರೆ ಉಸಿರು ಎಂದು ತಿಳಿ. ನೋವು ಬಂದರೆ ನೋವು ಎಂದು ತಿಳಿ. ಸಪ್ಪಳ ಬಂದರೆ ಸಪ್ಪಳ ಎಂದಷ್ಟೇ ತಿಳಿ. ಯಾರದು, ಯಾಕೆ ಎಂದು ಅದರ ಬೆನ್ನು ಹತ್ತಬೇಡ. ಹುಟ್ಟಿದ್ದು ಹೋಗುತ್ತದೆ, ನೀನು ಕಾಯಿ.

ನನಗೆ ಕಾಯಲು ಬರುತ್ತಿರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಎಡ ಮೊಣಕಾಲಿನಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಮೂವತ್ತಕ್ಕೆ ಕಳ್ಳತನದಿಂದ ಸ್ವಲ್ಪ ಸರಿಸುತ್ತಿದ್ದೆ, ನಲವತ್ತಕ್ಕೆ ಕಣ್ಣು ತೆರೆದು ಗಡಿಯಾರ ನೋಡುತ್ತಿದ್ದೆ. ಆಗ ಎದುರಿಗೆ ಚಿಗವ್ವ ಕಾಣುತ್ತಿದ್ದಳು, ನೀರು ತುಂಬಿಟ್ಟ ಕೊಡದ ಹಾಗೆ, ಒಂದು ಕಡೆಗೂ ವಾಲದೆ. ಏಳು ತಿಂಗಳಲ್ಲಿ ಒಂದು ಸಲವೂ ನಾನು ಪೂರ್ತಿ ತಾಸು ಕೂತಿರಲಿಲ್ಲ. ಓದಿನಲ್ಲಿ ಯಾವತ್ತೂ ಹಿಂದೆ ಬಿದ್ದವಳಲ್ಲ, ಇಷ್ಟು ಸಣ್ಣ ಕೆಲಸ ಯಾಕೆ ಆಗುತ್ತಿಲ್ಲ ಎಂಬ ಸಿಟ್ಟೂ ಇತ್ತು. ಅದನ್ನು ಶ್ರದ್ಧೆ ಎಂದುಕೊಂಡಿದ್ದೆ. ಈಗ ನೋಡಿದರೆ ಬರೀ ಹಟ ಎನಿಸುತ್ತದೆ. ಆಗ ಏನಾಗಿತ್ತೋ, ಈಗಿನ ನಾನು ಹೇಗೆ ಹೇಳಲಿ?

ಆ ಭಾನುವಾರ ಮೊಣಕಾಲಿನ ನೋವು ಬಂತು, ಏರಿತು, ತಾನಾಗಿಯೇ ಇಳಿಯತೊಡಗಿತು. ನಾನು ಏನೂ ಮಾಡಿರಲಿಲ್ಲ. ಹೇಳಿಕೊಟ್ಟದ್ದು ಮೊದಲ ಸಲ ಮೈಯೊಳಗೆ ಅರ್ಥವಾದ ಹಾಗಾಯಿತು. ಇವತ್ತು ಆಗುತ್ತದೆ ಎಂದುಕೊಂಡೆ. ಅದಾದ ಮೇಲೆ ಒಳಗಿನಿಂದ ಸಪ್ಪಳ ಬಂತು. ಮೆತ್ತಗಿನ ಭಾರವೊಂದು ನೆಲಕ್ಕೆ ಬಿದ್ದಂತೆ, ಅದರ ಹಿಂದೆಯೇ ಸ್ಟೀಲಿನ ಪಾತ್ರೆ ಉರುಳಿ ಗೋಡೆಗೆ ತಾಗಿ ನಿಂತಂತೆ.

ಸಪ್ಪಳ ಎಂದು ತಿಳಿದೆ. ಬೆನ್ನು ಹತ್ತಲಿಲ್ಲ. ಕೂತೆ.

ಎಷ್ಟು ಹೊತ್ತು ಎಂದು ಹೇಳಲಾರೆ. ಇಪ್ಪತ್ತು ನಿಮಿಷ ಇರಬಹುದು; ಮೇಲಿನ ಮನೆಯವರ ಪ್ರಕಾರ ಹತ್ತು. ತಾಸು ಮುಗಿಯಿತೆಂದು ಚಿಗವ್ವ ಮೆಲ್ಲಗೆ ದನಿ ಎತ್ತಿ ಮೈತ್ರಿಯ ಮಾತುಗಳನ್ನು ಶುರು ಮಾಡಿದಾಗ ನನ್ನ ಕಣ್ಣಲ್ಲಿ ನೀರಿತ್ತು, ಸಂತೋಷಕ್ಕೆ. ಪೂರ್ತಿ ಒಂದು ತಾಸು ಕೂತಿದ್ದೆ. ಎಲ್ಲ ದಿಕ್ಕಿನ ಎಲ್ಲ ಜೀವಿಗಳಿಗೂ ಒಳ್ಳೆಯದಾಗಲಿ ಎಂದು ಮೂವರೂ ಹಾರೈಸಿದೆವು, ಅವಸರವಿಲ್ಲದೆ, ಐದು ನಿಮಿಷ. ಹತ್ತು ಹೆಜ್ಜೆ ಆಚೆ ಕಾಕಾ ನೆಲದ ಮೇಲಿದ್ದರು.

ಮೊದಲು ಒಳಗೆ ಹೋದವಳು ಚಿಗವ್ವ. ಅವಳು ಕೂಗಲಿಲ್ಲ. “ಬಾ ಇಲ್ಲಿ, ಕಾಲು ಮುಟ್ಟಬ್ಯಾಡ” ಎಂದು ನನ್ನನ್ನು ಕರೆದ ದನಿ ವಾರ್ಡಿನಲ್ಲಿ ಕೆಲಸ ಹೇಳುವ ದನಿಯಾಗಿತ್ತು. ಮಂಚಕ್ಕೂ ಗೋಡೆಗೂ ನಡುವೆ ಕಾಕಾ ಬಲಮಗ್ಗುಲಾಗಿ ಬಿದ್ದಿದ್ದರು. ಸೊಂಟದ ಎಲುಬು ಮುರಿದಿದೆಯೆಂದು ಎಕ್ಸ್‌ರೇಗೆ ಮುಂಚೆಯೇ ಅವಳಿಗೆ ಗೊತ್ತಾಯಿತು. ನೀರಿನ ತಂಬಿಗೆ ಮೂಲೆಯಲ್ಲಿತ್ತು. ಅದು ತುಂಬಿತ್ತೋ, ಖಾಲಿಯಿತ್ತೋ, ನೆಲ ಒದ್ದೆಯಾಗಿತ್ತೋ ನನಗೆ ನೆನಪಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಮೇಲಿನ ಮನೆಯವರು ನನ್ನ ಪಕ್ಕ ಕೂತು, ಏನೋ ಬಿದ್ದ ಹಾಗೆ ಕೇಳಿಸಿತ್ತು, ಕೆಳಗೆ ಹಾಲಿನ ಕ್ರೇಟು ಇಳಿಸುತ್ತಿದ್ದಾರೆ ಅಂದುಕೊಂಡೆ ಎಂದು ಮರಾಠಿಯಲ್ಲಿ ಪಿಸುಗುಟ್ಟಿದರು. ನಾನು ಹೌದಾ ಎಂದೆ. ನನಗೂ ಕೇಳಿಸಿತ್ತು ಎನ್ನಲಿಲ್ಲ.

ಇದೇ ನನ್ನನ್ನು ಕಾಡುವುದು. ಅವರು ಹೇಳಿದ ಸಪ್ಪಳವನ್ನೇ ನಾನು ಹನ್ನೊಂದು ದಿನದಲ್ಲಿ ನನ್ನದು ಮಾಡಿಕೊಂಡೆನೇ? ಮೂಲೆಯಲ್ಲಿ ತಂಬಿಗೆ ಕಂಡದ್ದರಿಂದ ಅದು ಉರುಳಿದ ಸದ್ದನ್ನು ಆಮೇಲೆ ಸೇರಿಸಿದೆನೇ? ಆಗಬಹುದು. ನೆನಪು ಹಾಗೆಲ್ಲ ಮಾಡುತ್ತದೆ. ಆದರೆ ಸಪ್ಪಳದ ಜೊತೆಗೆ ಒಂದು ಯೋಚನೆಯೂ ಇದೆ, ಅದನ್ನು ನನಗೆ ಯಾರೂ ಹೇಳಿದ್ದಲ್ಲ. ಚಿಗವ್ವ ಏಳಲಿಲ್ಲವಲ್ಲ, ಅವಳಿಗಿಲ್ಲದ್ದು ನನಗೇನು, ಎಂದು ನಾನು ಯೋಚಿಸಿದ್ದೆ. ಎದ್ದರೆ ನನ್ನ ತಾಸು ಕೆಡುತ್ತದೆ ಎಂದೂ. ಇದನ್ನು ಎರವಲು ತಂದದ್ದು ಎನ್ನಲು ನನ್ನಿಂದಾಗದು.

ಕಾಕಾ ನಾಲ್ಕೂವರೆ ತಿಂಗಳು ಬದುಕಿದರು, ಮಲಗಿಕೊಂಡೇ. ಮನೆಗೆ ಬಂದ ಮೂರನೇ ದಿನವೋ ನಾಲ್ಕನೇ ದಿನವೋ ಅವರ ಬಾಯಿಗೆ ಗಂಜಿ ಹಾಕುತ್ತ, ಆವತ್ತು ಗಂಟೆ ಯಾಕೆ ಬಾರಿಸಲಿಲ್ಲ ಎಂದು ನಾನು ಕೇಳಿದೆ. ಚಿಗವ್ವ ಕಾಲ ಕಡೆ ನಿಂತು ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಳು. ಅವರು ಒಂದೊಂದೇ ಶಬ್ದ ಹುಡುಕಿ ಹೇಳಿದರು.

“ನಿಮ್ಮ ತಾಸು ಮುಗೀಲಿ ಅಂತ. ತಂಬಿಗಿ ಇಲ್ಲೇ ಇತ್ತು, ಕೈಗೆ ಸಿಗ್ತದ ಅಂದಕೊಂಡೆ.” ಆಮೇಲೆ ಬಾಯಿಯ ಎಡಗಡೆಯಿಂದ ನಕ್ಕರು. “ನೀವು ಹೊರಗ ಕೂತ್ರಿ, ನಾ ಒಳಗ ಬಿದ್ದೆ. ಯಾರೂ ಅಳ್ಳಾಡಲಿಲ್ಲ. ನಂದೂ ಅಧಿಷ್ಠಾನ ಆತಲ್ಲ, ಸಿಸ್ಟರ್?”

ಚಿಗವ್ವ ತೆಗೆದ ಬಟ್ಟೆಯನ್ನು ಮುದ್ದೆ ಮಾಡಿಕೊಂಡು ಬಚ್ಚಲಿಗೆ ಹೋದಳು. ನಲ್ಲಿ ನೀರು ಬಹಳ ಹೊತ್ತು ಸುರಿಯಿತು.

ಅವಳು ಅಭ್ಯಾಸ ಬಿಡಲಿಲ್ಲ, ಒಂದು ದಿನವೂ. ಕೂರುವ ಚಾಪೆಯನ್ನು ಮಾತ್ರ ಒಳಕೋಣೆಗೆ ಒಯ್ದು ಮಂಚಕ್ಕೆ ಬೆನ್ನು ತಾಗಿಸಿ ಕೂತಳು. ಕಾಕಾ ತಮ್ಮ ಎಡಗೈಯನ್ನು ಅವಳ ಹೆಗಲ ಮೇಲೆ ಇಡುತ್ತಿದ್ದರು. ಬೇಕಾದಾಗ ಒತ್ತುತ್ತಿದ್ದರು, ಅವಳು ಏಳುತ್ತಿದ್ದಳು, ಬಂದು ಮತ್ತೆ ಕೂರುತ್ತಿದ್ದಳು. ಒಂದು ತಾಸಿನಲ್ಲಿ ಮೂರು ಸಲ, ನಾಲ್ಕು ಸಲ. ಮುಖದಲ್ಲಿ ಬೇಸರ ಕಾಣಲಿಲ್ಲ. ಕಾಕಾ ಹೋದದ್ದೂ ಬೆಳಗಿನ ಹೊತ್ತು, ಎದೆಯಲ್ಲಿ ಕಫ ಕಟ್ಟಿ, ಅವಳ ಕೈಯಲ್ಲೇ. ಮರುದಿನ ಅವಳು ಮತ್ತೆ ಅಲ್ಲೇ ಕೂತಳು, ಖಾಲಿ ಮಂಚಕ್ಕೆ ಬೆನ್ನು ಕೊಟ್ಟು.

ಬಿಟ್ಟವಳು ನಾನು. ಕಣ್ಣು ಮುಚ್ಚಿದರೆ ಉಸಿರಿಗಿಂತ ಮೊದಲು ಆ ಸಪ್ಪಳ ಬರುತ್ತಿತ್ತು. ಭಂತೇಜಿಯ ಬಳಿ ಹೋಗಿ ನಡೆದದ್ದನ್ನು ಹೇಳಿದೆ, ಚಿಗವ್ವನ ಹೆಸರು ತೆಗೆಯದೆ, ನನ್ನದಷ್ಟೇ. ಅವರು ಬೈಯಲಿಲ್ಲ. ನಿನ್ನ ಕಾಲಿನ ನೋವಿಗೆ ಅಲುಗಾಡಬೇಡ ಎಂದು ಹೇಳಿದ್ದೆ, ಇನ್ನೊಬ್ಬರ ನೋವಿಗೆ ಅಲುಗಾಡಬೇಡ ಎಂದಿದ್ದೆನೇ ಎಂದು ಕೇಳಿದರು. ಹೋಗಿ ಕೂತುಕೋ, ಕೂರುವುದನ್ನು ಬಿಟ್ಟರೆ ಆ ಸಪ್ಪಳ ನಿನ್ನೊಳಗೇ ಉಳಿಯುತ್ತದೆ ಎಂದರು. ಕೂರಲಿಲ್ಲ. ಆ ಮಾತನ್ನು ಚಿಗವ್ವನಿಗೆ ಮುಟ್ಟಿಸಲೂ ಇಲ್ಲ. ಸದ್ದು ಕೇಳಿಯೇ ಬಿದ್ದದ್ದು ಸಲೈನ್ ಸ್ಟ್ಯಾಂಡೋ, ರೋಗಿಯೋ ಎಂದು ಹೇಳಬಲ್ಲ ಕಿವಿ ಅವಳದು. ಮೂವತ್ತು ವರ್ಷದ ಕಿವಿ. ಅದಕ್ಕೆ ಅಂದು ಕೇಳಿಸಲಿಲ್ಲವೆಂದರೆ ಅವಳ ಧ್ಯಾನ ಅಷ್ಟು ಆಳವಾಗಿತ್ತೆಂದು ನಂಬಬೇಕು. ಕೇಳಿಸಿತ್ತೆಂದರೆ ಏನು ನಂಬಬೇಕೋ ನನಗೆ ತಿಳಿಯದು. ಈ ಎರಡರ ನಡುವೆ ನಾನು ಒಂದೂವರೆ ವರ್ಷ ಅವಳ ಮನೆಗೆ ಹೋಗಿ ಬಂದು ಮಾಡಿದೆ, ಚಹಾ ಕುಡಿದೆ, ಔಷಧದ ಚೀಟಿ ಓದಿಕೊಟ್ಟೆ.

ಕಳೆದ ವೈಶಾಖ ಹುಣ್ಣಿಮೆಯ ಮಧ್ಯಾಹ್ನ, ವಿಹಾರದ ಹಿತ್ತಲ ನಲ್ಲಿಯ ಬಳಿ, ಪಾಯಸ ಮಾಡಿದ ದೊಡ್ಡ ಪಾತ್ರೆಯನ್ನು ನಾವಿಬ್ಬರೂ ತಿಕ್ಕುತ್ತಿದ್ದೆವು. ತಳ ಹತ್ತಿತ್ತು. ಚಿಗವ್ವ ತಲೆ ಎತ್ತದೆ ಹೇಳಿದಳು:

“ಮತ್ತ ಕುಂದ್ರಾಕ ಬಾ, ಮಗಳ. ಒಂದ ಸಲ ಬಿಟ್ಟದ್ದು ಭಾಳ ದೂರ ಹೋಗ್ತದ. ನೀ ಯಾಕ ಬಿಟ್ಟಿ ಅಂತ ನಾ ಒಂದ ದಿನಾ ಕೇಳಲಿಲ್ಲ.”

ಕೇಳಲಿಲ್ಲ, ನಿಜ. ಯಾಕೆ ಕೇಳಲಿಲ್ಲ ಎಂದು ನನಗೆ ಆಗ ಹೊಳೆಯಿತು, ಅಥವಾ ಹೊಳೆಯಿತು ಎಂದುಕೊಂಡೆ. ನನ್ನ ಕೈ ನಿಂತಿತು, ಅವಳದು ನಿಲ್ಲಲಿಲ್ಲ. ಹೇಳಿದೆ. ಹೇಳಿದ ಮೇಲೂ ಅವಳು ಪಾತ್ರೆಯ ತಳವನ್ನು ಅದೇ ವೇಗದಲ್ಲಿ ತಿಕ್ಕಿದಳು, ತೊಳೆದಳು, ಬಿಸಿಲಿಗೆ ಬೋರಲು ಹಾಕಿದಳು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಈಗಲೂ ಶನಿವಾರ ಸಂಜೆ ಫೋನ್ ಮಾಡುತ್ತಾಳೆ, ನಾಳೆ ಬಾ ಎನ್ನುತ್ತಾಳೆ, ಊಟ ಆಯಿತೇ ಎಂದು ವಿಚಾರಿಸುತ್ತಾಳೆ. ಆ ಮಧ್ಯಾಹ್ನ ನಾನು ಕೇಳಿದ್ದಕ್ಕೆ ಮಾತ್ರ ಇವತ್ತಿನವರೆಗೂ ಹೌದು ಎಂದಿಲ್ಲ, ಇಲ್ಲ ಎಂದಿಲ್ಲ.

“ಕಾಕಾ ಬಿದ್ದದ್ದು ನನಗ ಕೇಳಸಿತ್ತು, ಚಿಗವ್ವ. ಕೇಳಸಿದ್ರೂ ಕೂತೆ. ನಿನಗೂ ಕೇಳಸಿತ್ತೇನು?”