ಪ್ರಾಂಶುಪಾಲರ ಪರವಾಗಿ

ಒಂದು ವರ್ಷದ ಮಟ್ಟಿಗೆ ನಮ್ಮ ಕಾಲೇಜಿನ ಪ್ರಾಂಶುಪಾಲರು ಯಾರೆಂದು ನನಗೆ ಗೊತ್ತಿರಲಿಲ್ಲ. ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ನಾನೂ ನಗುತ್ತಿದ್ದೆ. ಆದರೆ ನಾನು ಅಲ್ಲಿ ಎಷ್ಟೋ ವರ್ಷದಿಂದ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದವಳು, ಹಿರಿತನದಲ್ಲಿ ಎರಡನೆಯವಳು, ಮೇಲಾಗಿ ಅಧ್ಯಾಪಕರ ಮಂಡಳಿಯ ಕಾರ್ಯದರ್ಶಿ. ಯಾರಾದರೂ ಕೇಳಿದರೆ ಉತ್ತರ ಹೇಳಬೇಕಾದವಳೇ ನಾನು. ನನ್ನನ್ನು ಕೇಳಿದವರಿಗೆಲ್ಲ ನಾನು ತಲೆ ಕೆರೆದುಕೊಂಡು, "ಆಫೀಸಲ್ಲಿ ವಿಚಾರಿಸಿ" ಎನ್ನುತ್ತಿದ್ದೆ.

ವಿದ್ಯಾರಣ್ಯಪುರದ ಕೊನೇ ಬಸ್ ಸ್ಟಾಪಿನಿಂದ ಸ್ವಲ್ಪ ಒಳಗೆ ನಡೆದರೆ ಸಿಗುವ ಚಿಕ್ಕ ಕಾಲೇಜು ನಮ್ಮದು. ಹಳೆಯ ಪ್ರಾಂಶುಪಾಲರು ನಿವೃತ್ತರಾದಾಗ ಪೇಟ ತೊಡಿಸಿ, ಹೋಳಿಗೆ ಊಟ ಹಾಕಿಸಿ ಕಳಿಸಿಕೊಟ್ಟೆವು. ಅವರು ಆರಡಿ ಮೀರಿದ ಆಳು. ಅವರ ಅಳತೆಗೆಂದೇ ಮಾಡಿಸಿದ ಎತ್ತರದ ಮರದ ಕುರ್ಚಿ, ಅದರ ಬೆನ್ನಿಗೆ ಹೊದಿಸಿದ ಬಿಳಿ ಟವೆಲು, ಎರಡೂ ಅವರ ಕೋಣೆಯಲ್ಲಿ ಉಳಿದವು. ಮರುದಿನ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ನಮ್ಮೆಲ್ಲರಿಗಿಂತ ಹಿರಿಯರಾದ ವಾಣಿಜ್ಯ ವಿಭಾಗದ ಮೇಷ್ಟ್ರಿಗೆ ಫೋನ್ ಮಾಡಿ, "ಸದ್ಯಕ್ಕೆ ನೀವೇ ನೋಡ್ಕೊಳ್ಳಿ ಸಾರ್, ಆರ್ಡರ್ ಆಮೇಲೆ ಕಳಿಸ್ತೀವಿ" ಎಂದರು. ಆರ್ಡರ್ ಬರಲೇ ಇಲ್ಲ.

ಮೇಷ್ಟ್ರು ದೇವರಂಥ ಮನುಷ್ಯ. ದೇವರಂಥವರ ಕೈಕೆಳಗೆ ಕೆಲಸ ಮಾಡುವುದು ಎಷ್ಟು ಕಷ್ಟವೆಂದು ನನಗೆ ಆ ವರ್ಷ ತಿಳಿಯಿತು. ಮೊದಲ ದಿನವೇ ಅವರು ಸ್ಟಾಫ್ ರೂಮಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಹೋಗಿ, ಪ್ರಾಂಶುಪಾಲರ ಮೇಜಿನ ಪಕ್ಕದಲ್ಲಿ ಹಾಕಿಕೊಂಡು ಕೂತರು.

"ಆ ಕುರ್ಚಿ ಇದೆಯಲ್ಲ ಸಾರ್" ಎಂದೆ.

"ಅದು ಪ್ರಿನ್ಸಿಪಾಲರದ್ದು ಕಣಮ್ಮ. ನಾನು ಬರೀ ಇನ್‌ಚಾರ್ಜು."

ಇನ್‌ಚಾರ್ಜ್ ಆದವರು ದೊಡ್ಡ ಕುರ್ಚಿಯಲ್ಲಿ ಕೂರದೆ ಪಕ್ಕದಲ್ಲಿ ಕೂರುವುದು ನಮ್ಮ ಕಡೆ ಮರ್ಯಾದೆಯ ಲಕ್ಷಣ. ಇನ್ನೊಂದೆರಡು ಕಾಲೇಜಿನಲ್ಲೂ ನೋಡಿದ್ದೆ. ಒಂದು ವಾರ, ಹದಿನೈದು ದಿನ, ಆಮೇಲೆ ಮೆಲ್ಲಗೆ ದೊಡ್ಡ ಕುರ್ಚಿಗೆ ಸರಿದುಕೊಳ್ಳುತ್ತಾರೆ ಎಂದುಕೊಂಡೆ. ಮೇಷ್ಟ್ರು ಸರಿಯಲಿಲ್ಲ.

ಒಂದು ಬೆಳಿಗ್ಗೆ ಶೆಟ್ಟಿಹಳ್ಳಿಯಿಂದ ಒಬ್ಬ ಯಜಮಾನರು ಬಂದರು. ಮಗಳಿಗೆ ಹಾಜರಾತಿ ಕಡಿಮೆ ಬಿದ್ದಿತ್ತು, ಪರೀಕ್ಷೆಗೆ ಕೂರಿಸುತ್ತಾರೋ ಇಲ್ಲವೋ ಎಂಬ ಚಿಂತೆ. "ಪ್ರಿನ್ಸಿಪಾಲ್ರು ಎಲ್ಲೋಗವ್ರೆ ಸಾ?" ಎಂದು ಕೇಳಿದರು. ಮೇಷ್ಟ್ರು ಖಾಲಿ ಕುರ್ಚಿಯತ್ತ ಒಮ್ಮೆ ನೋಡಿ, "ಬರ್ತಾರೆ, ಕೂತ್ಕೊಳ್ಳಿ" ಎಂದು ಟೀ ತರಿಸಿದರು. ಇಬ್ಬರೂ ಟೀ ಕುಡಿಯುತ್ತ ಊರಿನ ಹಳೇ ಗದ್ದೆಗಳು ಯಾವ ಯಾವ ಲೇಔಟ್ ಆದವು ಎಂದು ಮಾತಾಡಿಕೊಂಡರು. ಬಹಳ ಹೊತ್ತು ಕಾದು ಯಜಮಾನರು, "ಇನ್ನೊಂದ್ ಕಿತ ಬತ್ತೀನಿ ಬುಡಿ ಸಾ" ಎಂದು ಎದ್ದು ಹೋದರು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಸಾರ್, ಅವರ ಕೆಲಸ ನೀವೇ ಮಾಡಿಕೊಡಬಹುದಿತ್ತಲ್ಲ" ಎಂದೆ.

"ಮಾಡಬಹುದಿತ್ತೇನೋ" ಎಂದರು ಮೇಷ್ಟ್ರು. ಅವರ ಮುಖದಲ್ಲೂ ಗೊಂದಲವೇ ಇತ್ತು. "ಆದ್ರೆ ಅವರು ಕೇಳಿದ್ದು ಪ್ರಿನ್ಸಿಪಾಲರನ್ನ."

ಪ್ರಾಂಶುಪಾಲರು ಇಲ್ಲದಿದ್ದರೂ ಅವರ ಆಜ್ಞೆಗಳಿಗೇನೂ ಕಡಿಮೆ ಇರಲಿಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನ ಬೆಳಗಾದರೆ ಆಫೀಸಿನಿಂದ ಸೂಚನೆ ಬೀಳುತ್ತಿತ್ತು. "ಪ್ರಾಂಶುಪಾಲರ ನಿರ್ದೇಶನದಂತೆ ನಾಳೆಯಿಂದ ಮೊದಲ ಪಿರಿಯಡ್ ಎಂಟೂವರೆಗೆ." ಮರುದಿನ, "ಪ್ರಾಂಶುಪಾಲರ ನಿರ್ದೇಶನದಂತೆ ನಿನ್ನೆಯ ಸೂಚನೆ ರದ್ದಾಗಿದೆ." ಇದನ್ನು ಹೇಳಿದವರು ಯಾರೆಂದು ಆಫೀಸಿಗೆ ಹೋಗಿ ಕೇಳಿದೆ. "ಸಾರ್ ಹೇಳಿದ್ರು ಮೇಡಂ" ಎಂದರು ಸೂಪರಿಂಟೆಂಡೆಂಟು. ಮೇಷ್ಟ್ರನ್ನು ಕೇಳಿದರೆ, "ಆಫೀಸಿನವರು ಹೀಗೆ ಮಾಡೋಣ್ವಾ ಅಂದ್ರು, ಹೂಂ ಅಂದೆ" ಎಂದರು. ಆಡಳಿತ ಮಂಡಳಿಗೆ ಫೋನ್ ಮಾಡಿದರೆ, "ಅದೆಲ್ಲ ಕಾಲೇಜಿನ ತೀರ್ಮಾನ" ಎಂಬ ಉತ್ತರ. ತಲೆಬುಡ ತಿಳಿಯಲಿಲ್ಲ. ಕೊನೆಗೆ ನಾನೂ ಎಲ್ಲರಂತೆ ಆ ಸೂಚನೆಗಳ ಕೆಳಗೆ "ಸರಿ ಸರ್" ಎಂದು ಬರೆಯತೊಡಗಿದೆ. ಯಾವ ಸರ್‌ಗೆ ಬರೆಯುತ್ತಿದ್ದೆನೋ ನನಗೇ ಗೊತ್ತಿಲ್ಲ.

ನಮ್ಮ ಅಧ್ಯಾಪಕರ ಮಂಡಳಿಯ ಸಭೆ ಪ್ರಾಂಶುಪಾಲರ ಕೋಣೆಯಲ್ಲೇ ನಡೆಯುತ್ತಿತ್ತು. ಅಲ್ಲಿ ಆಸನ ಸಾಲದ್ದರಿಂದ ಸ್ಟಾಫ್ ರೂಮಿನಿಂದ ನಮ್ಮ ನಮ್ಮ ಕುರ್ಚಿ ನಾವೇ ಹೊತ್ತುಕೊಂಡು ಹೋಗಬೇಕು. ದೊಡ್ಡ ಕುರ್ಚಿ ಮಾತ್ರ ಖಾಲಿ. ಆದರೂ ಮಾತಾಡುವವರು "ಮಾನ್ಯ ಅಧ್ಯಕ್ಷರೇ" ಎಂದು ಶುರುಮಾಡಿ ಟವೆಲಿನ ಕಡೆ ನೋಡುತ್ತಿದ್ದರು. ಅಟೆಂಡರ್ ಮೊದಲ ಟೀಯನ್ನು ಅದರ ಮುಂದೆ ಇಟ್ಟು, ಸಭೆ ಮುಗಿದ ಮೇಲೆ ತಾನೇ ಕುಡಿಯುತ್ತಿದ್ದ. ನಮ್ಮಲ್ಲಿ ಪ್ರಾಂಶುಪಾಲರಿಂದ ಲಾಭವಾದದ್ದು ಅವನೊಬ್ಬನಿಗೇ.

ಕಾಗದಗಳಿಗೆಲ್ಲ ಮೇಷ್ಟ್ರು "ಪ್ರಾಂಶುಪಾಲರ ಪರವಾಗಿ" ಎಂದು ಬರೆದು ಸಹಿ ಮಾಡುತ್ತಿದ್ದರು. ಮಕ್ಕಳ ಬಸ್ ಪಾಸಿಗೆ, ಗ್ರಂಥಾಲಯದ ಚೀಟಿಗೆ ಅದು ನಡೆಯಿತು. ಯಾರೂ ಚಕಾರ ಎತ್ತಲಿಲ್ಲ. ನಮ್ಮ ಗಣಿತದ ಅತಿಥಿ ಉಪನ್ಯಾಸಕಿಯ ಕೆಲಸಕ್ಕೆ ಮಾತ್ರ ನಡೆಯಲಿಲ್ಲ.

ಎಂಟು ವರ್ಷದಿಂದ ಇರುವವರನ್ನೂ ನಮ್ಮಲ್ಲಿ ಅತಿಥಿ ಎಂದೇ ಕರೆಯುತ್ತಾರೆ. ಆಕೆ ಗಂಗಾನಗರದವರು, ಮನೆಯಲ್ಲಿ ದಖನಿ ಉರ್ದು ಮಾತು, ತರಗತಿಯಲ್ಲಿ ಅಚ್ಚುಕಟ್ಟಾದ ಕನ್ನಡ. ಪ್ರತಿ ವರ್ಷ ಬೇಸಿಗೆ ರಜೆ ಬಂದರೆ, ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವುದೇ ಅವರ ಪಾಡು. ಆ ವರ್ಷ ಬೇರೊಂದು ಸಂಸ್ಥೆಯಲ್ಲಿ ಕಾಯಂ ಹುದ್ದೆಗೆ ಅವರ ಹೆಸರು ಬಂತು. ಇಲ್ಲಿ ಪಾಠ ಮಾಡಿದ್ದಕ್ಕೆ ಪ್ರಾಂಶುಪಾಲರ ಸಹಿ ಇರುವ ಸೇವಾ ಪ್ರಮಾಣಪತ್ರವನ್ನು ಶನಿವಾರದೊಳಗೆ ಕೊಡಬೇಕು, ಇಲ್ಲದಿದ್ದರೆ ಹುದ್ದೆ ಮುಂದಿನವರ ಪಾಲು. ಇನ್ನೊಂದು ಸಲ ಅರ್ಜಿ ಹಾಕೋಣವೆಂದರೆ ಅಷ್ಟರಲ್ಲಿ ವಯಸ್ಸು ಮೀರುತ್ತಿತ್ತು. ಮೇಷ್ಟ್ರು ಸಂತೋಷದಿಂದಲೇ ಬರೆದುಕೊಟ್ಟರು. ಪತ್ರ ವಾಪಸ್ ಬಂತು.

ಅಲ್ಲಿನ ಅಧಿಕಾರಿ ಕೇಳಿದ್ದನ್ನು ಆಕೆ ನನಗೆ ಸ್ಟಾಫ್ ರೂಮಿನಲ್ಲಿ ಹೇಳಿದರು. "ಪರವಾಗಿ ಅಂದ್ರೆ ಪ್ರಿನ್ಸಿಪಾಲರು ರಜಾನಾ ಅಂದ್ರು ಮೇಡಂ. ಇಲ್ಲ ಅಂದೆ. ಮತ್ತೆ ಎಲ್ಲಿದ್ದಾರೆ ಅಂದ್ರು. ಇಲ್ಲವೇ ಇಲ್ಲ ಅಂದೆ. ಇಲ್ಲದೇ ಇರೋರ ಪರವಾಗಿ ಹೇಗಮ್ಮ ಸೈನ್ ಮಾಡ್ತಾರೆ ಅಂತ ಕೇಳಿದ್ರು. ನಂಗೆ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ."

ಆಕೆಯನ್ನು ಕರೆದುಕೊಂಡು ನೆಟ್ಟಗೆ ಮೇಷ್ಟ್ರ ಬಳಿ ಹೋದೆ.

"ಆರ್ಡರ್ ಇಲ್ಲದೆ ಪ್ರಿನ್ಸಿಪಾಲ್ ಅಂತ ಬರೆದ್ರೆ ಸುಳ್ಳು ಬರೆದ ಹಾಗಾಗುತ್ತೆ ಕಣಮ್ಮ" ಎಂದರು ಅವರು. "ರಿಟೈರ್ ಆಗೋ ಹೊತ್ತಲ್ಲಿ ನನ್ ಕೈಲಿ ಅದು ಮಾಡಿಸ್ಬೇಡಿ." ಕಣ್ಣಲ್ಲಿ ನೀರಿತ್ತು. ಇಂಥವರ ಮೇಲೆ ರೇಗುವುದು ಹೇಗೆ? ಆದರೂ ರೇಗಿದೆ. ಆಮೇಲೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ ಫೋನ್ ಮಾಡಿ ಅವರ ಮೇಲೂ ರೇಗಿದೆ. ಅವರು ಬಹಳ ತಾಳ್ಮೆಯಿಂದ, "ಮೇಡಂ, ಇದು ಪ್ರಿನ್ಸಿಪಾಲರ ಮಟ್ಟದಲ್ಲೇ ಆಗಬೇಕಾದ ಕೆಲಸ" ಎಂದರು.

ಶುಕ್ರವಾರ ಮಧ್ಯಾಹ್ನ ತುರ್ತು ಸಭೆ ಕರೆದೆ. ಆಕೆ ಬೆಳಿಗ್ಗೆಯೇ ಇನ್ನೊಮ್ಮೆ ಆ ಸಂಸ್ಥೆಗೆ ಹೋಗಿ, ಎರಡು ದಿನದ ಗಡುವಾದರೂ ಸಿಗುತ್ತದೋ ಕೇಳಿಬರುತ್ತೇನೆ ಎಂದು ಹೊರಟಿದ್ದರು. ಹೇಗೂ ಅತಿಥಿ ಉಪನ್ಯಾಸಕರಿಗೆ ಮಂಡಳಿಯ ಸಭೆಗೆ ಕರೆ ಇರುವುದಿಲ್ಲ. ನಾವು ಕುರ್ಚಿ ಹೊತ್ತು ತಂದು ಕೂತೆವು. ಎಲ್ಲರಿಗೂ ಆಕೆಯ ಮೇಲೆ ಪ್ರೀತಿಯೇ. ಅನ್ಯಾಯ ಆಗಬಾರದು ಎಂದು ಒಬ್ಬೊಬ್ಬರೂ ಹೇಳಿದರು, ಟವೆಲಿಗೇ ಹೇಳಿದರು. ಇಂಗ್ಲಿಷ್ ಮೇಷ್ಟ್ರು ಒಂದು ನಿರ್ಣಯದ ಒಕ್ಕಣೆ ಸೂಚಿಸಿದರು, ಎಲ್ಲರೂ ಮೇಜು ತಟ್ಟಿದರು, ನಾನು ಬರೆದುಕೊಂಡೆ. ಆಮೇಲೆ ಗಟ್ಟಿಯಾಗಿ ಓದಿದೆ. "ಸದರಿ ಪ್ರಮಾಣಪತ್ರಕ್ಕೆ ಸಹಿ ಮಾಡುವಂತೆ ಮಾನ್ಯ ಪ್ರಾಂಶುಪಾಲರನ್ನು ಕೋರಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು."

"ಯಾರನ್ನ ಕೋರೋದು?" ಎಂದೆ.

ಇಷ್ಟು ಓದಿದವರು ಇಷ್ಟು ಜನ ಸೇರಿ ಒಂದು ಟವೆಲಿಗೆ ಅರ್ಜಿ ಬರೆದಿದ್ದೆವು. ನಗು ಬರಬೇಕಿತ್ತು, ನನಗೆ ಹೆದರಿಕೆಯಾಯಿತು. ನಾಳೆ ಆಕೆಯ ಕೆಲಸ ಹೋದರೆ ಅದನ್ನು ಕಳೆದವರು ಯಾರೆಂದು ಹುಡುಕಿದರೂ ಯಾರೂ ಸಿಗುವುದಿಲ್ಲವಲ್ಲ ಎನಿಸಿತು.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಆಕೆ ಬಂದು ನಿಂತರು. ರಂಜಾನ್ ಉಪವಾಸ. ಹೆಬ್ಬಾಳದ ಟ್ರಾಫಿಕ್‌ನಲ್ಲಿ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರು. ತುಟಿ ಒಣಗಿತ್ತು. "ಒಂದು ದಿನವೂ ಕೊಡಲ್ಲವಂತೆ" ಎಂದರು.

"ಬಾಮ್ಮ, ಮೊದ್ಲು ಕೂತ್ಕೋ" ಎಂದರು ಮೇಷ್ಟ್ರು.

ಆಕೆ ಸುತ್ತ ನೋಡಿದರು. ಎಲ್ಲ ಕುರ್ಚಿಯಲ್ಲೂ ಅದನ್ನು ಹೊತ್ತು ತಂದವರು ಕೂತಿದ್ದೆವು. ಖಾಲಿ ಇದ್ದದ್ದು ಒಂದೇ. ಮೇಜನ್ನು ಬಳಸಿಕೊಂಡು ಹೋಗಿ ಅದರಲ್ಲಿ ಕೂತು, ಟವೆಲಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು.

ಮುಂದೆ ನಡೆದದ್ದನ್ನು ಈಗಲೂ ಸರಿಯಾಗಿ ವಿವರಿಸಲಾರೆ. ಮೊದಲು ಅಟೆಂಡರ್ ಹೋಗಿ ಆ ಕುರ್ಚಿಯ ಮೇಲಿನ ಫ್ಯಾನ್ ಹಾಕಿದ. ವರ್ಷದಿಂದ ತಿರುಗದ ಫ್ಯಾನು, ಧೂಳು ಉದುರಿತು. ಭೌತಶಾಸ್ತ್ರದವರು ಎದ್ದು ನಿಂತರು. ಅವರನ್ನು ನೋಡಿ ಪಕ್ಕದವರು. ನೋಡುತ್ತೇನೆ, ನಾನೂ ನಿಂತಿದ್ದೇನೆ. ಆ ಕುರ್ಚಿಯಲ್ಲಿ ಯಾರಾದರೂ ಕೂತರೆ ಏಳುವುದು ನಮ್ಮ ಕಾಲಿಗೆ ಅಂಟಿದ ಅಭ್ಯಾಸ. ಎಲ್ಲರಿಗಿಂತ ಕೊನೆಗೆ ಮೇಷ್ಟ್ರು ಪ್ಲಾಸ್ಟಿಕ್ ಕುರ್ಚಿಯ ಕೈ ಹಿಡಿದುಕೊಂಡು ಎದ್ದರು.

ಆಕೆ ಕಣ್ಣು ಬಿಟ್ಟರು. "ಮೀಟಿಂಗ್ ಮುಗೀತಾ?"

"ಇಲ್ಲ" ಎಂದರು ಮೇಷ್ಟ್ರು.

ಆಕೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಬೋರ್ಡಿನ ಮುಂದೆ ಲೆಕ್ಕ ಬಿಡಿಸಲಾಗದೆ ನಿಂತ ಹುಡುಗರನ್ನು ಕೇಳುವ ದನಿಯಲ್ಲೇ ಕೇಳಿದರು. "ಸಾರ್, ನಾನಿಲ್ಲಿ ಎಂಟು ವರ್ಷ ಪಾಠ ಮಾಡಿದ್ದು ನಿಜ ತಾನೆ?"

"ನಿಜ."

"ಅದನ್ನ ನೋಡಿದೋರು ಯಾರು?"

"ನಾನೇ ನೋಡಿದೀನಿ."

"ಈಗ ಈ ಕಾಲೇಜ್ ನೋಡ್ಕೊಳ್ತಿರೋರು?"

ಮೇಷ್ಟ್ರು ತಡೆದರು. "ಸದ್ಯಕ್ಕೆ ನಾನೇ."

"ಅಷ್ಟೇ ಬರೀರಿ ಸಾರ್. ಅದ್ರಲ್ಲಿ ಸುಳ್ಳೇನಿದೆ?"

"ಆಗಲಿ ಮೇಡಂ" ಎಂದರು ಮೇಷ್ಟ್ರು. ಎಂಟು ವರ್ಷದಲ್ಲಿ ಆಕೆಯನ್ನು ಅವರು ಮೇಡಂ ಎಂದದ್ದು ನಾನು ಕೇಳಿದ್ದು ಅದೇ ಮೊದಲು. ನಿಂತಲ್ಲೇ ಬಗ್ಗಿ, ಹೊಸ ಪ್ರಮಾಣಪತ್ರದ ಕೆಳಗೆ "ಪ್ರಭಾರ ಪ್ರಾಂಶುಪಾಲರು" ಎಂದು ಬರೆದು ಸಹಿ ಹಾಕಿದರು. ಮುದ್ರೆ ಒತ್ತಿದರು. ಯಾರಾದರೂ ಆ ಕುರ್ಚಿಯಿಂದ ಹೇಳಲಿ ಎಂದು ಒಂದು ವರ್ಷ ಕಾದಿದ್ದರೋ ಏನೋ, ಮುಖ ಹಗುರಾಗಿತ್ತು. ಶನಿವಾರ ಪತ್ರ ತಲುಪಿತು, ಅಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ತಾನು ಕೂತದ್ದು ಯಾವ ಕುರ್ಚಿ ಎಂಬುದು ಆಕೆಗೆ ಗೊತ್ತಿತ್ತೋ, ದಣಿವಿನಲ್ಲಿ ಗೊತ್ತಾಗಲಿಲ್ಲವೋ, ನಾನು ಕೇಳಲಿಲ್ಲ.

ಆ ಶೈಕ್ಷಣಿಕ ವರ್ಷದ ಕೊನೆಗೆ ಮೇಷ್ಟ್ರು ನಿವೃತ್ತರಾದರು. ಮರುದಿನ ನನಗೆ ಫೋನ್ ಬಂತು. "ಸದ್ಯಕ್ಕೆ ನೀವೇ ನೋಡ್ಕೊಳ್ಳಿ ಮೇಡಂ."

ಏನೇ ಆದರೂ ದೊಡ್ಡ ಕುರ್ಚಿಯಲ್ಲೇ ಕೂರುವುದು ಎಂದು ನಿಶ್ಚಯಿಸಿಕೊಂಡು ಹೋದೆ. ಕೋಣೆಯೊಳಗೆ ಕಾಲಿಟ್ಟರೆ ಏನೋ ಅಳುಕು. ಇವತ್ತೊಂದು ದಿನ ಎಂದುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಮರುದಿನವೂ ಕೂತೆ. ಮೇಷ್ಟ್ರ ಮೇಲೆ ಅಷ್ಟೆಲ್ಲ ರೇಗಿದವಳು ನಾನು. ಯಾಕೆ ಹೀಗೆ ಎಂದು ನನಗೇ ಅರ್ಥವಾಗಲಿಲ್ಲ, ಅದಕ್ಕೂ ಕೋಪ ಬರುತ್ತಿತ್ತು.

ಹೀಗೇ ಇರುವಾಗ ಒಂದು ಮಧ್ಯಾಹ್ನ ಆಕೆ ಬಂದರು. ಹೊಸ ಕೆಲಸದ ಸಿಹಿ, ಕೈಯಲ್ಲಿ ದಾರ ಕಟ್ಟಿದ ಡಬ್ಬ. "ಪ್ರಿನ್ಸಿಪಾಲರಿಗೆ ಅಂತ ತಂದೆ ಮೇಡಂ" ಎಂದರು.

ನಾನು ಪ್ಲಾಸ್ಟಿಕ್ ಕುರ್ಚಿಯಿಂದಲೇ ಕೈ ಚಾಚಿದೆ. ಆಕೆ ಡಬ್ಬವನ್ನು ನನ್ನ ಕೈಗೆ ಕೊಡದೆ ದೊಡ್ಡ ಕುರ್ಚಿಯ ಮುಂದೆ ಮೇಜಿನ ಮೇಲಿಟ್ಟರು.

"ಕೂತ್ಕೊಳ್ಳಿ" ಎಂದೆ.

"ಪರ್ವಾಗಿಲ್ಲ ಮೇಡಂ. ಅವರು ಬರ್ಲಿ, ನಿಂತಿರ್ತೀನಿ."

ನಗಲಿಲ್ಲ. ನಿಂತೇ ಇದ್ದರು. ಕೋಪ ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಕೊನೆಗೆ ಎದ್ದೆ. ಮೇಜನ್ನು ಬಳಸಿಕೊಂಡು ಹೋಗಿ, ಟವೆಲು ತೆಗೆದು ಬದಿಗಿಟ್ಟು, ಕೂತೆ. ಆಕೆ ಡಬ್ಬವನ್ನು ನನ್ನ ಕಡೆ ಸರಿಸಿ, ಎದುರಿಗೆ ತಾವೂ ಕೂತರು.

ಕುರ್ಚಿ ಬಹಳ ಎತ್ತರ. ನನ್ನ ಕಾಲು ನೆಲ ಮುಟ್ಟಲಿಲ್ಲ. ಹಾಗೇ ತೂಗಾಡಿಸಿಕೊಂಡು ಕೂತು ದಾರ ಬಿಚ್ಚಿದೆ.