ವಿಮಾನದ ಬಯಲಿಗೆ ಹೋಗಿ ತಿಪ್ಪೆ ನೋಡಿ ಬಂದದ್ದು

ಯುದ್ಧದ ಕಾಲ. ಪೆಟ್ರೋಲ್ ಇಲ್ಲದೆ ಬಸ್ಸುಗಳೆಲ್ಲ ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದವು. ಬೆಳಿಗ್ಗೆ ಏಳಕ್ಕೆ ದೊಡ್ಡಬಳ್ಳಾಪುರ ಬಿಟ್ಟೆ. ದೇವನಹಳ್ಳಿ ಮೇಲೆ ಹೊಸಕೋಟೆಗೆ ಕಂಡಕ್ಟರು ಹದಿನಾಲ್ಕಾಣೆ ಕೇಳಿದ. ಏರು ಬಂದರೆ ಇಳಿದು ತಳ್ಳುತ್ತೇನೆಂದು ಒಪ್ಪಿಸಿ ಹನ್ನೆರಡಾಣೆ ಕೊಟ್ಟೆ. ಎರಡು ಕಡೆ ತಳ್ಳಿದೆ ಕೂಡ.

ದೊಡ್ಡಬೆಳವಂಗಲದ ಹತ್ತಿರದ ನಮ್ಮೂರಿನಲ್ಲಿ ವಿಮಾನ ಇಳಿಯುವ ಬಯಲು ಮಾಡಬೇಕೆಂದು ಜಮೀನು ಕೊಳ್ಳುವ ಏಜೆಂಟನೊಬ್ಬ ಬಂದಿದ್ದ. ಹೊಸಕೋಟೆ ಕಡೆ ಅಂಥ ಬಯಲಾಗಿ ಸುತ್ತಲ ಹಳ್ಳಿಗಳೆಲ್ಲ ಉದ್ಧಾರವಾಗಿವೆ, ಸೋಮವಾರ ಬರುತ್ತೇನೆ, ಹೆಬ್ಬೆಟ್ಟು ಒತ್ತಿ ಅಂದ. ಕೆಲವರನ್ನು ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ಕರೆದು ಬೆಲೆಯನ್ನೂ ಗುಟ್ಟಾಗಿ ಹೇಳಿದ್ದ. ನಾನು ದನದ ದಲ್ಲಾಳಿ, ಹಲ್ಲು ನೋಡದೆ ಎತ್ತು ಹಿಡಿದವನಲ್ಲ. "ನಾನು ನೋಡ್ಕೊಂಡು ಬರೋವರ್ಗೂ ಯಾರೂ ಒತ್ಬೇಡಿ" ಎಂದು ಹೇಳಿ ಹೊರಟಿದ್ದೆ.

ಹೊಸಕೋಟೆಯಿಂದ ನಾಲ್ಕು ಮೈಲಿ ಬಿಸಿಲಲ್ಲಿ ನಡೆದೆ. ಬಯಲಿನ ಗೇಟಿನೆದುರು ಕಾಫಿ ಹೋಟೆಲು. ಇಡ್ಲಿ ನಮ್ಮೂರಿನದರ ಅರ್ಧ, ಬೆಲೆ ಎರಡರಷ್ಟು.

"ವಿಮಾನ ಬಂದ್ಮೇಲೆ ಹುಲ್ಲಿನ ಗುಡಿಸಲಿಂದ ಹೆಂಚಿನ ಮನೆಗೆ ಬಂದೆ ಗುರು" ಅಂದ ಹೋಟೆಲಿನವನು.

"ನಿಮ್ಮ ಹೊಲ ಎಷ್ಟು ಹೋಯ್ತು?"

"ನಂಗೆಲ್ಲಿಯ ಹೊಲ? ನಾನು ಕೋಲಾರದ ಕಡೆಯೋನು."

ಓದುವವರಿಗೆ ಒಂದು ಮಾತು. ಊರಿನ ಸ್ಥಿತಿ ಅಳೆಯಬೇಕಾದರೆ ಹೆಂಚು ನೋಡಬೇಡಿ, ತಿಪ್ಪೆ ನೋಡಿ. ಬಯಲಿನ ಬೇಲಿಗೆ ತಾಗಿದ ಹಳ್ಳಿಯಲ್ಲಿ ತಿಪ್ಪೆ ಮೊಣಕಾಲಿನಷ್ಟಿತ್ತು, ಮೇಲೆ ಗರಿಕೆ ಬೆಳೆದಿತ್ತು. ಹೊಸ ಸಗಣಿ ಬಿದ್ದು ತಿಂಗಳುಗಳಾಗಿರಬೇಕು. ಹೊಲ ಮಾರದ, ಎರಡು ಮೈಲಿ ಆಚೆಯ ಹಳ್ಳಿಯಲ್ಲಿ ಎದೆಯೆತ್ತರದ ತಿಪ್ಪೆ, ಕೈಯಿಟ್ಟರೆ ಬಿಸಿ.

ಬೇಲಿಯ ಹಳ್ಳಿಗೇ ವಾಪಸು ಬಂದೆ. ಮುನಿವೆಂಕಟಪ್ಪ ಎಂಬ ರೈತ ಹೊಸ ಜಗಲಿಯ ಮೇಲೆ ಕೂತಿದ್ದ. ಮಾರಿದ ತನ್ನ ಹೊಲದಲ್ಲೇ ಈಗ ದಿನಗೂಲಿಗೆ ಕಲ್ಲು ಆರಿಸುತ್ತಿದ್ದನಂತೆ.

"ಆದ್ರೂ ನಮ್ಮೂರಲ್ಲಿ ನನ್ನಷ್ಟು ಬೆಲೆ ಯಾರಿಗೂ ಸಿಕ್ಕಿಲ್ಲ" ಅಂದ.

"ಲೇ, ಅದು ನಂಗೆ ಕಣೋ ಸಿಕ್ಕಿದ್ದು" ಅಂದ ಎದುರುಮನೆಯ ಚಿಕ್ಕಣ್ಣ.

ವಿಚಾರಿಸಿದರೆ ಇಬ್ಬರೂ ದನದ ಪರಿಷೆಯಲ್ಲಿ ಮಾಡುವ ಹಾಗೆ ಟವಲಿನಡಿ ಏಜೆಂಟನ ಬೆರಳು ಹಿಡಿದು ಹೊಲ ಮಾರಿದ್ದರು. ಅಲ್ಲಿ ಬೆಲೆ ಮಾತಾಡುವುದು ಬೆರಳು. ಪಕ್ಕದವನಿಗೆ ತಿಳಿಯಬಾರದು, ಆಮೇಲೆ ಹೇಳಲೂಬಾರದು. ಆ ಪದ್ಧತಿಯಲ್ಲೇ ನಾನು ಅನ್ನ ಕಂಡವನು. ಆದರೂ ರೇಗಿತು.

"ಎತ್ತಿಗೆ ಸರಿ ಕಣ್ರಪ್ಪ, ಇದೋದ್ರೆ ಇನ್ನೊಂದು ಸಿಗುತ್ತೆ. ಹೊಲಕ್ಕೂ ಟವಲಾ? ಬಾಯಿ ಬಿಟ್ಟು ಹೇಳಿ."

ಚಿಕ್ಕಣ್ಣ ತಡೆದು ತಡೆದು ಎಕರೆಗೆ ನೂರಿಪ್ಪತ್ತು ಅಂದ. ಒಳಗಿಂದ ಮುನಿವೆಂಕಟಪ್ಪನ ಹೆಂಡತಿ, "ಎಂಬತ್ತು! ಹೇಳು, ಬಾಯಿಗೇನು ಬೀಗ ಹಾಕವ್ರಾ?" ಎಂದು ಕೂಗಿದಳು. ಅವನು ಎದ್ದು ಒಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ.

ಮಾರನೆಯ ದಿನ ಊರಿಗೆ ಬಂದು ಕಂಡದ್ದನ್ನೆಲ್ಲ ಹೇಳಿದೆ. ಅರ್ಧ ಜನ ನಂಬಿದರು, ಅರ್ಧ ಜನ ನಾನು ಕಮಿಷನ್ನಿಗೆ ಹೊಂಚು ಹಾಕುತ್ತಿದ್ದೇನೆ ಅಂದರು. ಸೋಮವಾರ ಏಜೆಂಟ ಬಂದ. ದಲ್ಲಾಳಿಯೆಂದು ಮೊದಲು ನನ್ನನ್ನೇ ಕರೆದು, ಹೆಗಲ ಟವಲು ಹಾಸಿ ಬೆರಳು ಒತ್ತಿದ. ಹೊಟ್ಟೆಪಾಡಿನ ಪದ್ಧತಿ ಮುರಿಯುವುದು ಸುಲಭವಲ್ಲ. ಕೈ ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಟವಲು ಕಿತ್ತೆಸೆದೆ.

"ನನ್ನ ಹೊಲಕ್ಕೆ ಎಕರೆಗೆ ನೂರೈವತ್ತಂತೆ ಕಣ್ರಪ್ಪೋ! ನಿಮಗೆಷ್ಟು ಅಂದಿದ್ದ?"

"ತೊಂಬತ್ತು!" "ನಂಗೆ ನೂರು!" ನಾಲ್ಕೆಕರೆ ರಾಗಿ ಹೊಲವನ್ನು ಒಬ್ಬಳೇ ನಿಂತು ಮಾಡಿಸುವ ಹನುಮಕ್ಕ ಮುಂದೆ ಬಂದು, "ಹೆಂಗಸು ಅಂತ ನಂಗೆ ಎಪ್ಪತ್ತಾ ಸ್ವಾಮಿ?" ಅಂದಳು.

"ದಲ್ಲಾಳಿಯಾಗಿ ಇಂಥ ಕೆಲಸ ಮಾಡ್ತೀಯಾ?" ಎಂದು ಏಜೆಂಟ ನನ್ನ ಮೇಲೆ ಹರಿಹಾಯ್ದ.

"ದಲ್ಲಾಳಿಯಾಗಿರೋದ್ರಿಂದ್ಲೇ ಗೊತ್ತಾಗಿದ್ದು."

ಅವನು ಬೆವರು ಒರೆಸಿಕೊಂಡು, "ಸರಿ, ಎಲ್ಲರಿಗೂ ನೂರೈವತ್ತು!" ಎಂದು ಕೂಗಿದ.

ಹನುಮಕ್ಕ ಕಟ್ಟೆಯ ಮೇಲೆ ಅವನಿಗೆ ಜಾಗ ತೋರಿಸಿದಳು. "ಈಗ ವ್ಯಾಪಾರ ಶುರುವಾಯ್ತು, ಕೂತ್ಕೊಳ್ಳಿ ಸ್ವಾಮಿ. ಕೊಡೋದಿಲ್ಲ ಅನ್ನೋದ್ರಿಂದ ಶುರು ಮಾಡ್ತೀವಿ."