ಗೌರವ್ವನ ಉಸಿರು ಮತ್ತು ಅಥಣಿ ರಸ್ತೆಯ ಮನೆ

ವಿಜಯಪುರಕ್ಕೆ ಬಂದ ಮೊದಲ ದಿನವೇ ನನ್ನ ಹೆಂಡತಿಯ ಹೃದಯವನ್ನು ಟಿವಿಯಲ್ಲಿ ನೋಡಿದೆ. ಬೂದು ಪರದೆಯ ಮೇಲೆ ಅದು ಹೊಂಡದ ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಿತ್ತು. ಐವತ್ತು ವರ್ಷ ಸಂಸಾರ ಮಾಡಿದ ನನಗೆ ಕಾಣದ್ದು ಆಸ್ಪತ್ರೆಯವರಿಗೆ ಐದು ನಿಮಿಷದಲ್ಲಿ ಕಂಡಿತು. ಊರಿನ ಗೆಳೆಯರೇ, ನಿಮ್ಮಲ್ಲಿ ಯಾರಾದರೂ ಹೆಂಡತಿಯ ಹೃದಯ ನೋಡಿದ್ದೀರಾ? ನಾನು ನೋಡಿದ್ದೇನೆ. ಅದರ ಕಳ್ಳಾಟವನ್ನು ಹಿಡಿದುಕೊಟ್ಟವನೂ ನಾನೇ.

ನಮ್ಮೂರು ತಿಕೋಟಾದಿಂದ ಇನ್ನೂ ಒಳಗೆ. ನನ್ನ ಹೆಂಡತಿ ಗೌರವ್ವ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೂತು ಕಡ್ಡಿ ಕಸರು ಆರಿಸುತ್ತ ಮುದುಕಿಯಾದವಳು. ಅವಳ ಕೈ ದಾಟಿದ ದ್ರಾಕ್ಷಿ ಬೆಂಗಳೂರಿನ ಅಂಗಡಿಗಳನ್ನು ಸಲೀಸಾಗಿ ಮುಟ್ಟುತ್ತದೆ. ಅವಳು ಹೃದಯದ ಡಾಕ್ಟರನ್ನು ಮುಟ್ಟಬೇಕಾದರೆ ಒಂದು ದಿನದ ಕೂಲಿ ಬಿಡಬೇಕು, ಎರಡು ಬಸ್ಸು ಹಿಡಿಯಬೇಕು. ಹೀಗಾಗಿ ನಮ್ಮ ಕಡೆ ಹಾಸಿಗೆ ಹಿಡಿಯುವವರೆಗೆ ಯಾರಿಗೂ ಬೇನೆ ಇರುವುದಿಲ್ಲ. "ಆರಾಮ ಅದೀರಿ?" ಎಂದರೆ "ಆರಾಮ್ರಿ" ಎನ್ನಲೇಬೇಕು. ಅದು ನಮಸ್ಕಾರಕ್ಕೆ ಮರು ನಮಸ್ಕಾರವಿದ್ದಂತೆ. ಗೌರವ್ವನ ಅಕ್ಕ ಜೈನಾಪುರದಲ್ಲಿ ದಮ್ಮು ಹತ್ತಿ ತೀರಿಕೊಂಡಳು. ಅವಳೂ ಹಿಂದಿನ ದಿನದವರೆಗೆ ಆರಾಮವೇ ಇದ್ದಳು.

ಗೌರವ್ವನಿಗೂ ನಾಲ್ಕು ಹೆಜ್ಜೆಗೆ ಏದುಸಿರು ಬರತೊಡಗಿದಾಗ ಜಗಳವಾಡಿ ಇಲ್ಲಿಗೆ ಕರೆತಂದೆ. ಡಾಕ್ಟರು ದಕ್ಷಿಣದ ಕಡೆಯ ಹುಡುಗಿ.

"ಹೇಗಿದ್ದೀರಾ ಅಜ್ಜಿ?"

"ಆರಾಮ ಅದೀನವಾ."

"ಸುಸ್ತು, ಉಬ್ಬಸ ಏನಾದ್ರೂ?"

"ಏನಿಲ್ಲವಾ. ಇವ್ರಿಗೆ ಮಾಡಾಕ ಬ್ಯಾರೆ ಕೆಲಸಿಲ್ಲ." ಹೀಗೆಂದವಳೇ ಎದ್ದು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ಹೊರಟಳು.

ನನಗೆ ಅವಳ ಅಕ್ಕನ ಮುಖ ಕಣ್ಣಿಗೆ ಕಟ್ಟಿತು. ಬೇಡಿಕೊಂಡರೆ ಕೂಡುವವಳಲ್ಲ ಇವಳು. ನನಗೆ ಗೊತ್ತಿರುವುದು ಒಂದೇ ವಿದ್ಯೆ, ಅವಳನ್ನು ಕೆಣಕುವುದು.

"ಡಾಕ್ಟರವ್ವಾ," ಎಂದೆ, "ಈಕಿ ಬಡದ ರೊಟ್ಟಿ ನಾಯಿನೂ ಮೂಸಂಗಿಲ್ಲ ನೋಡ್ರಿ. ಈಕಿ ನೆಗೆಣ್ಣಿ, ನನ್ನ ತಮ್ಮನ ಹೆಂಡತಿ, ಬಡೀತಾಳ, ಅದು ರೊಟ್ಟಿ!"

ಗೌರವ್ವ ಗರ್ರನೆ ತಿರುಗಿದಳು. "ಏನಂದ್ರಿ? ಐವತ್ತ ವರ್ಷ ತಿಂದ ಬಾಯಿ ಎಲ್ಲಿಟ್ಟ ಬಂದೀರಿ? ನಮ್ಮವ್ವ ಕಲಿಸಿದ ಕೈ ಇದು! ನಿಮಗ..."

ಮುಂದಿನ ಮಾತು ಬರಲಿಲ್ಲ. ತುಟಿ ನೀಲಿಯಾಯಿತು. ಮೇಜು ಹಿಡಿದು ನಿಂತಳು. ಡಾಕ್ಟರು ಕುರ್ಚಿಯಿಂದ ಎದ್ದರು.

ಆಗಲೇ ಮಲಗಿಸಿ ಪರದೆಯ ಮೇಲೆ ನೋಡಿದರು. ಹೃದಯದ ಕವಾಟ ಸರಿಯಾಗಿ ಮುಚ್ಚುತ್ತಿಲ್ಲವಂತೆ. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಕೇಳಿದಳು: "ಬೇಕಂತನ ಅಂದ್ರಿ, ಹೌದಿಲ್ಲೋ?"

"ಹೂಂ."

"ಮತ್ತ ರೊಟ್ಟಿ?"

"ನಿಂದ ಚೊಲೊ ಬೇ."

"ಹಂಗಂತ ಒಳಗ ಹೋಗಿ ಆಕಿಗೆ ಹೇಳಿ ಬರ್ರಿ."

ಹೋದೆ. ಪಾಳಿಯಲ್ಲಿ ನಿಂತವರನ್ನೆಲ್ಲ ದಾಟಿ ಹೇಳಿ ಬಂದೆ.

ಆಪರೇಷನ್ ತಾಳುವಷ್ಟು ಶಕ್ತಿ ಬರುವವರೆಗೆ ಗುಳಿಗೆ ನುಂಗಬೇಕು, ವಾರಕ್ಕೊಮ್ಮೆ ತೋರಿಸಬೇಕು, ಆಸ್ಪತ್ರೆಯ ಹತ್ತಿರವೇ ಇರಬೇಕು. ಅದಕ್ಕೇ ಅಥಣಿ ರಸ್ತೆಯ ಲೇಔಟಿನಲ್ಲಿ ಎರಡು ಖೋಲಿ ಹಿಡಿದೆವು. ಇಲ್ಲಿ ಹಗಲಲ್ಲೂ ಬಾಗಿಲು ಹಾಕಿರುತ್ತವೆ. ಎದುರು ಮನೆಯ ಗೇಟಿಗೆ 'ನಾಯಿ ಇದೆ' ಎಂದು ಬರೆದಿದ್ದಾರೆ, ನಾಯಿ ಇಲ್ಲ. ಒಂದು ದಿನ ನಾನೇ ಬೊಗಳಿದೆ. ಮೂರು ಬಾಗಿಲು ತೆರೆದವು. ಮೂರು ಮನೆಯವರ ಪರಿಚಯವಾಯಿತು. ಅವರಿಗೆ ಆಸ್ಪತ್ರೆ ಆಟೋದಲ್ಲಿ ಹತ್ತು ನಿಮಿಷ; ಅದೊಂದು ಸೋಜಿಗವೆಂದು ಅವರಿಗೆ ಅನಿಸುವುದೇ ಇಲ್ಲ. ನಾನು ಮಾತ್ರ ಮಂಚದ ಮೇಲೆ ಕಣ್ಣು ಮುಚ್ಚಿ ಆ ಹತ್ತು ನಿಮಿಷವನ್ನು ಹೊತ್ತುಕೊಂಡು ಹೋಗಿ ಜೈನಾಪುರದ ಅಗಸಿ ಬಾಗಿಲಲ್ಲಿ ಇಳಿಸುತ್ತೇನೆ. ಅಲ್ಲಿ ಗೌರವ್ವನ ಅಕ್ಕ ಇನ್ನೂ ಬದುಕಿದ್ದು, ಮೊರ ಹಿಡಿದು ಕೂತು ಜೋಳ ಕೇರುತ್ತಿರುತ್ತಾಳೆ.

ದಿನಾ ಸ್ವಲ್ಪ ನಡೆಯಲು ಡಾಕ್ಟರು ಹೇಳಿದ್ದಾರೆ. ಸಂಜೆ ರಸ್ತೆಗೆ ಬರುತ್ತೇವೆ. ಬಿಸಿಲು ಹಣ್ಣಾಗಿ, ಧೂಳೆಲ್ಲ ಬಂಗಾರವಾಗಿ, ತಿಕೋಟಾ ಕಡೆ ಹೋಗುವ ಬಸ್ಸುಗಳು ಅದರೊಳಗೆ ತೇಲಿದಂತೆ ಕರಗುತ್ತವೆ. ಮೊದಲು ಎರಡು ವಿದ್ಯುತ್ ಕಂಬಕ್ಕೇ ನಿಲ್ಲುತ್ತಿದ್ದಳು. ಮೊನ್ನೆ ಐದನೆಯದಕ್ಕೆ ಒರಗಿ ನಿಂತು ಪಡುವಣಕ್ಕೆ ನೋಡಿದಳು.

"ಊರು ಇನ್ನೆಷ್ಟ ದೂರ ಐತ್ರಿ?"

"ಇನ್ನ ಎರಡ ಕಂಬ."

"ಸಾಯೂತನಕ ಸುಳ್ಳ ಹೇಳ್ರಿ ನೀವು," ಎಂದು ನಕ್ಕಳು. ಆದರೂ ಎರಡು ಕಂಬ ನಡೆದಳು. ಅಲ್ಲಿ ನಿಂತು ಸುಧಾರಿಸಿಕೊಂಡು, ನನ್ನ ತೋಳು ಹಿಡಿದು ಹಿಂದಕ್ಕೆ ತಿರುಗಿಸಿದಳು.

"ಸಾಕು, ನಡೀರಿ. ಮನಿಗೆ ಹೋಗೂಣು."

ಅವಳು ಕೈ ತೋರಿಸಿದ್ದು ಊರಿನ ಕಡೆಗಲ್ಲ, ಲೇಔಟಿನ ಕಡೆ. ಏಳು ಕಂಬಗಳನ್ನೂ ಹಿಂದಕ್ಕೆ ಎಣಿಸುತ್ತ ಅವಳ ಜೊತೆ ಹೆಜ್ಜೆ ಹಾಕಿದೆ.